ಹೂವಿನ ಹರಾಜಿನ ನೇಲ್ಚೆ

ನೇಲ್ಚೆ ಆಮರ್ಲಾನಳ ದನಿ ನಡುಗಿದ್ದನ್ನು ದ ಲಿಯರ್ ಊರಿನಲ್ಲಿ ಯಾರೂ ಕೇಳಿದವರಿರಲಿಲ್ಲ. ಕಾಲುವೆಯ ನೀರು ಹೆಪ್ಪುಗಟ್ಟುವಂಥ ಚಳಿಯಲ್ಲೂ ಆಕೆ ನಸುಕಿಗೇ ಸೈಕಲ್ಲಿನಲ್ಲಿ ಬಂದು, ಕೈಗವಸು ಬಿಚ್ಚಿ, ಕಪ್ಪು ಕಾಫಿಯನ್ನು ನಿಂತೇ ಕುಡಿದು, ಹರಾಜುಕಟ್ಟೆಯ ಮೈಕಿನ ಮುಂದೆ ಕೂತು "ಎದ್ದಿದ್ದೀರಾ ಎಲ್ಲಾ? ಶುರು ಮಾಡೋಣ" ಎಂದರೆ ಸಾಕು, ಆ ಪ್ರಾಂತ್ಯದ ಹೂವಿನ ದಿನ ಶುರುವಾಯಿತು ಎಂದು ಲೆಕ್ಕ. ಮೂವತ್ತು ವರ್ಷ ಹಾಗೆ ಕೂತವಳು. ಆ ಕುರ್ಚಿಯಲ್ಲಿ ಕೂತ ಮೊದಲನೆಯ ಹೆಂಗಸು ಅವಳೇ. ಮೊದಮೊದಲು ಹಿಂದಿನ ಸಾಲಿನ ವ್ಯಾಪಾರಿಗಳು ಬೇಕೆಂದೇ ಕೆಮ್ಮುತ್ತಿದ್ದರು. ಅವಳು ಒಬ್ಬೊಬ್ಬರ ಕೆಮ್ಮನ್ನೂ ಹೆಸರು ಹಿಡಿದು ವಿಚಾರಿಸಲು ತೊಡಗಿದ ಮೇಲೆ ಅದು ನಿಂತಿತು.

ಅಲ್ಲಿಯ ಹರಾಜಿನಲ್ಲಿ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಗೋಡೆಯ ಮೇಲಿನ ದೊಡ್ಡ ಗಡಿಯಾರದಲ್ಲಿ ಮುಳ್ಳು ಮೇಲಿನ ಬೆಲೆಯಿಂದ ಕೆಳಗೆ ಸರಸರನೆ ಜಾರುತ್ತದೆ. ಮೊದಲು ಗುಂಡಿ ಒತ್ತಿದವನಿಗೆ ಮಾಲು. ತಡೆದರೆ ಅಗ್ಗ, ತೀರಾ ತಡೆದರೆ ಪಕ್ಕದವನ ಪಾಲು. ಈಚಿನ ವರ್ಷಗಳಲ್ಲಿ ಮುಳ್ಳಿನ ಬದಲು ಪರದೆಯ ಮೇಲೆ ಕೆಂಪು ಚುಕ್ಕಿ ಓಡುತ್ತಿತ್ತು, ಮುಕ್ಕಾಲು ಪಾಲು ವ್ಯಾಪಾರಿಗಳು ಮನೆಯಿಂದಲೇ ಒತ್ತುತ್ತಿದ್ದರು; ಆದರೂ ಎಲ್ಲರ ಬಾಯಲ್ಲಿ ಅದು ಮುಳ್ಳೇ. ಯಾರೂ ಒತ್ತದೆ ಮುಳ್ಳು ತಳಕ್ಕೆ ಮುಟ್ಟಿದರೆ ಆ ಹೂವು "ಸುತ್ತಿಹೋಯಿತು" ಎನ್ನುತ್ತಿದ್ದರು. ಸುತ್ತಿಹೋದ ಹೂವನ್ನು ಬಿಟ್ಟಿ ಕೊಡುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ. ಅರೆದು ಗೊಬ್ಬರದ ಗುಂಡಿಗೆ ಹಾಕಬೇಕು. ಬಿಟ್ಟಿ ಸಿಗುವಾಗ ದುಡ್ಡು ಕೊಡುವವರು ಯಾರು?

ಈ ಗಡಿಯಾರದ ಮೇಲೆ ನೇಲ್ಚೆಗಿದ್ದ ನಂಬಿಕೆ ಅಪ್ಪನಿಂದ ಬಂದದ್ದು. ಅಪ್ಪ ಗಾಜಿನ ಮನೆಯಲ್ಲಿ ಟೊಮೇಟೊ ಬೆಳೆಯುತ್ತಿದ್ದ. ಸ್ಪೇನಿನ ಟೊಮೇಟೊ ಅಗ್ಗಕ್ಕೆ ಬಂದ ವರ್ಷ ಅವನ ಬೇಸಾಯ ಮುಳುಗಿತು. ಆದರೂ ಅವನು ಗಡಿಯಾರವನ್ನು ಬೈದವನಲ್ಲ. "ಅದು ಕನ್ನಡಿ ಕಣೇ. ಮುಖ ಚೆನ್ನಾಗಿಲ್ಲ ಅಂತ ಯಾರಾದ್ರೂ ಕನ್ನಡಿ ಒಡೀತಾರಾ?" ಎಂದಿದ್ದ. ಮುಂದೆ ಹರಾಜುಕಟ್ಟೆಯಲ್ಲಿ ಹೂವಿನ ಗಾಡಿ ತಳ್ಳುತ್ತಿದ್ದಾಗ ನೇಲ್ಚೆ ಸಂಜೆ ಶಾಲೆಗೆ ಹೋಗಿ ಅರ್ಥಶಾಸ್ತ್ರ ಓದಿದಳು. ಪೂರೈಕೆ, ಬೇಡಿಕೆ, ಅವೆರಡೂ ಸೇರುವ ಬಿಂದು. ಅಪ್ಪ ಒಂದು ಮಾತಿನಲ್ಲಿ ಹೇಳಿದ್ದನ್ನು ಪುಸ್ತಕ ಗೆರೆ ಎಳೆದು ತೋರಿಸಿತು. ಬೆಲೆ ಇಳಿಯುತ್ತಾ ಹೋದರೆ ಎಲ್ಲೋ ಒಂದು ಕಡೆ ಕೊಳ್ಳುವವನು ಸಿಕ್ಕೇ ಸಿಗುತ್ತಾನೆ. ಸಿಗದಿದ್ದರೆ ಮಾಲಿನಲ್ಲೇ ಏನೋ ಐಬಿದೆ. ಹುಳುಕು ಉದುರುತ್ತದೆ, ಗಟ್ಟಿಯಾದದ್ದು ಉಳಿಯುತ್ತದೆ.

ಅಣ್ಣ ಕ್ರೈನ್ ಅಪ್ಪನ ಜಾಗದಲ್ಲೇ ಒಂದೇ ಒಂದು ಗಾಜಿನ ಮನೆ ಇಟ್ಟುಕೊಂಡು ಸೇವಂತಿಗೆ ಬೆಳೆಯುತ್ತಿದ್ದ. ಒಂದು ಶರತ್ಕಾಲದಲ್ಲಿ ಅವನ ಗಾಡಿಯ ಮೇಲೆ ಯಾರೂ ಗುಂಡಿ ಒತ್ತಲಿಲ್ಲ. ಮೈಕಿನಲ್ಲಿ ಒಂದು ಒಳ್ಳೆಯ ಮಾತು ಹೇಳಿ, ಮುಳ್ಳನ್ನು ಮತ್ತೊಮ್ಮೆ ಮೇಲಿನಿಂದ ಬಿಡಬಹುದಿತ್ತು. ನೇಲ್ಚೆ ಬಿಡಲಿಲ್ಲ. "ಸುತ್ತಿಹೋಯ್ತು. ಮುಂದಿನದು" ಎಂದು, ಅಣ್ಣನ ಹೂವನ್ನು ಅರೆಯುವ ಯಂತ್ರಕ್ಕೆ ಕಳಿಸಿದಳು. ಆ ಭಾನುವಾರ ಕ್ರೈನ್ ಎಂದಿನಂತೆ ಊಟಕ್ಕೆ ಬಂದ. ಬಟಾಣಿ ಸಾರನ್ನು ತಳದವರೆಗೆ ಬಳಿದು ಉಂಡ. ಆಮೇಲೆ, "ಎಲೆ ಹಳದಿಯಾಗಿತ್ತು, ನಿಜ" ಎಂದ. ಅಷ್ಟೇ. ಊರಿನವರು ನೇಲ್ಚೆಯನ್ನು ನಂಬುತ್ತಿದ್ದುದು ಇಂಥದಕ್ಕೇ.

ಎರಡು ಸಾವಿರದ ಇಪ್ಪತ್ತರ ಮಾರ್ಚ್ ತಿಂಗಳಲ್ಲಿ ಹೆಂಗಸರ ದಿನಕ್ಕೆಂದು ಹೂವು ಭರ್ಜರಿಯಾಗಿ ಹೋಯಿತು. ಅದೇ ವಾರ ಇಟಲಿಯಿಂದ ಕೆಟ್ಟ ಸುದ್ದಿ ಬರತೊಡಗಿತು. ಶುಕ್ರವಾರ ಬೆಳಿಗ್ಗೆ ನೇಲ್ಚೆ ಮೈಕಿನ ಮುಂದೆ ಕೂತು ಮೊದಲ ಗಾಡಿಯನ್ನು ಕೂಗಿದಳು. ಕೆಂಪು ಗುಲಾಬಿ, ಉದ್ದ ಕಾಂಡ, ಟೈಸ್ ಎಂಟ್‌ಹೋವನ್‌ನ ತೋಟದ್ದು. ಟೈಸ್ ಎಂದರೆ ಆ ಕಟ್ಟೆಗೆ ಮಾಲು ತರುವವರಲ್ಲೇ ದೊಡ್ಡ ಕುಳ. ಅವನ ಗಾಜಿನ ಮನೆಗಳ ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಕಾಣುತ್ತಿರಲಿಲ್ಲ. ಅವನ ಗುಲಾಬಿಯ ಮೇಲೆ ಮುಳ್ಳು ಅರ್ಧ ದಾರಿಗೆ ಬರುವ ಮೊದಲೇ ಯಾರೋ ಒತ್ತಿಬಿಡುವುದು ರೂಢಿ. ಆ ದಿನ ಮುಳ್ಳು ಅರ್ಧ ದಾಟಿತು. ಕಾಲು ಉಳಿಯಿತು. ತಳ ಮುಟ್ಟಿತು.

ಗುಂಡಿಗಳ ತಂತಿ ಕೆಟ್ಟಿದೆ ಎಂದುಕೊಂಡಳು. ಯಂತ್ರ ನೋಡಿಕೊಳ್ಳುವವನು ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಕೈಯಾಡಿಸಿದ. ಎರಡನೆಯ ಗಾಡಿಯೂ ಸುತ್ತಿಹೋಯಿತು. ಮೂರನೆಯದೂ ಹೋಯಿತು. ನಾಲ್ಕನೆಯದಕ್ಕೆ ನೇಲ್ಚೆ ಕೈಯಿಟ್ಟು ಗಡಿಯಾರ ನಿಲ್ಲಿಸಿದಳು. ಯಂತ್ರ ಕೆಟ್ಟಾಗ ಬಿಟ್ಟರೆ ಅದನ್ನು ಯಾವತ್ತೂ ನಿಲ್ಲಿಸಿದವಳಲ್ಲ. ಮೆಟ್ಟಿಲುಸಾಲಿನಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಕೂತಿದ್ದ ವ್ಯಾಪಾರಿಗಳಲ್ಲಿ ಗೆರ್ಬೆನ್ ಎಂಬ ಹಳೆಯ ಹುಲಿಯಿದ್ದ. ಫ್ರಾನ್ಸಿಗೂ ಇಟಲಿಗೂ ಲಾರಿ ಕಳಿಸುವವನು.

"ಗೆರ್ಬೆನ್, ಏನಾಯ್ತು ನಿಂಗೆ? ಕೈಗೆ ಲಕ್ವ ಹೊಡೆದಿದೆಯಾ?" ಎಂದು ಅವಳು ಮೈಕಿನಲ್ಲೇ ಕೇಳಿದಳು.

ಯಾರೂ ನಗಲಿಲ್ಲ. ಗೆರ್ಬೆನ್ ಎದ್ದು ನಿಂತ. "ನೇಲ್ಚೆ, ನೀನು ಬಿಟ್ಟಿ ಕೊಟ್ರೂ ನಂಗೆ ಬೇಡ. ಮೇಲೆ ದುಡ್ಡು ಕೊಟ್ಟು ತಗೊಂಡ್ಹೋಗು ಅಂದ್ರೂ ಬೇಡ. ಎಲ್ಲಿಗೆ ತಗೊಂಡ್ಹೋಗ್ಲಿ? ಮಿಲಾನಿನಲ್ಲಿ ಅಂಗಡಿ ಇಲ್ಲ, ಮದುವೆ ಇಲ್ಲ, ಹೆಣದ ಹಿಂದೆ ಹೋಗೋಕೆ ಜನ ಇಲ್ಲ."

ಅವಳು ಮತ್ತೆ ಗಡಿಯಾರ ಬಿಟ್ಟಳು. ಬೇರೇನು ಮಾಡುವುದು? ಗಾಡಿಗಳು ಬಂದುವು, ಹೋದುವು. ಒಬ್ಬಿಬ್ಬರು ಕನಿಕರಕ್ಕೆಂಬಂತೆ ತಳದ ಬೆಲೆಗೆ ಒತ್ತಿದರು. ಹಿಂದಿನ ಅಂಗಳದಲ್ಲಿ ಗುಲಾಬಿ, ಟ್ಯೂಲಿಪ್, ಜರ್ಬೆರಾ ಮೊಣಕಾಲುದ್ದ ಬಿದ್ದವು. ಮಣ್ಣು ತಳ್ಳುವ ಯಂತ್ರ ಅದನ್ನೆಲ್ಲ ಗುಡ್ಡೆ ಮಾಡುತ್ತಿದ್ದರೆ ಆ ವಾಸನೆಗೆ ಅರೆಯುವವರಿಗೇ ತಲೆನೋವು ಬಂತು. "ಹೂವೂ ಸುತ್ತಿಹೋಯ್ತು, ನಮ್ಮ ತಲೆನೂ ಸುತ್ತಿಹೋಯ್ತು" ಎಂದು ಅವರಲ್ಲೊಬ್ಬ ಹೇಳಿದ್ದು ಮುಂದೆ ಊರಿನ ಮಾತಾಯಿತು.

ಎರಡು ದಿನ ಕಳೆದು ಊಟದ ಮನೆಗಳೂ ಶಾಲೆಗಳೂ ಮುಚ್ಚಿದವು. ಹರಾಜುಕಟ್ಟೆ ಬೆಳೆಗಾರರದೇ ಸಹಕಾರ ಸಂಘ. ಎಲ್ಲರೂ ಸೇರಿ ತೀರ್ಮಾನಿಸಬೇಕು. ಸರಕು ತುಂಬುವ ದೊಡ್ಡ ಕೊಟ್ಟಿಗೆಯ ಬಾಗಿಲುಗಳನ್ನೆಲ್ಲ ತೆರೆದು, ಗಾಳಿಗೆ ನಡುಗುತ್ತ, ಒಬ್ಬರಿಂದೊಬ್ಬರು ಮಾರು ದೂರ ನಿಂತು ಸಭೆ ನಡೆಸಿದರು. ಸಂಘದ ನಿರ್ದೇಶಕ ಎವರ್ಟ್ ರಾಟರ್‌ಡ್ಯಾಮಿನಲ್ಲಿ ಅರ್ಥಶಾಸ್ತ್ರ ಓದಿದವನು, ಮೆತ್ತನೆಯ ಮಾತಿನವನು. ಪ್ರತಿಯೊಬ್ಬರೂ ತಮ್ಮ ಹೂವಿನಲ್ಲಿ ಹತ್ತರಲ್ಲಿ ಮೂರು ಪಾಲು ಮಾತ್ರ ಕಟ್ಟೆಗೆ ತರಬೇಕು, ಉಳಿದದ್ದನ್ನು ತಮ್ಮ ನೆಲದಲ್ಲೇ ಹೂಳಬೇಕು ಎಂದು ಅವನು ಸೂಚಿಸಿದ. ಮಾಲು ಕಡಿಮೆಯಾದರೆ ಇರುವ ನಾಲ್ಕು ಜನ ವ್ಯಾಪಾರಿಗಳಾದರೂ ಗುಂಡಿ ಒತ್ತುತ್ತಾರೆ ಎಂಬುದು ಅವನ ಎಣಿಕೆ.

ಮೊದಲು ವಿರೋಧಿಸಿದವಳು ನೇಲ್ಚೆಯೇ. ಬೆಲೆಯ ದಾರಿಗೆ ಅಡ್ಡಗೋಡೆ ಕಟ್ಟಿ ಉದ್ಧಾರವಾದವರನ್ನು ತಾನು ಕಂಡಿಲ್ಲ, ಹಿಂದೆಯೂ ಕೆಟ್ಟ ವರ್ಷಗಳು ಬಂದಿದ್ದವು, ಕೆಲವರು ಬಿದ್ದರು, ಉಳಿದವರು ಚಿಗುರಿದರು, ಅಪ್ಪನೂ ಬಿದ್ದವರಲ್ಲೊಬ್ಬ ಎಂದು ಗಟ್ಟಿಯಾಗಿ ಹೇಳಿದಳು. ಟೈಸ್ ಹೌದೆಂದು ತಲೆಯಾಡಿಸಿದ.

ಎವರ್ಟ್ ಅವಳನ್ನು ಎದುರುಹಾಕಿಕೊಳ್ಳಲು ಇಷ್ಟವಿಲ್ಲದವನಂತೆ ಕೈಯಲ್ಲಿದ್ದ ಕಾಗದವನ್ನು ಮಡಿಚಿಟ್ಟ. ಆಮೇಲೆ, "ನಾನೂ ಅದನ್ನೇ ಓದಿದ್ದು, ನೇಲ್ಚೆ. ಆದ್ರೆ ಬೆಲೆ ಏನೋ ಹೇಳುತ್ತೆ ಅಂದ್ರೆ ಕೇಳೋಕೆ ಅಂಗಡಿ ತೆರೆದಿರಬೇಕಲ್ವಾ? ಬಾಗಿಲಿಗೆ ಬೀಗ ಹಾಕಿದ್ದು ಸರ್ಕಾರ. ಹಾಕಿದ್ದು ಸರೀನೇ, ಜನ ಸಾಯ್ತಿದ್ದಾರೆ. ಬೀಗಕ್ಕೆ ಅಗ್ಗ ತುಟ್ಟಿ ಗೊತ್ತಾಗಲ್ಲ. ನನ್ನ ಪುಸ್ತಕದಲ್ಲಿ ಇದಕ್ಕೆ ಪಾಠ ಇಲ್ಲ" ಎಂದ.

ತೀರ್ಮಾನವಾಗದೆ ಸಭೆ ಚದುರಿತು. ನೇಲ್ಚೆ ಮನೆಗೆ ಹೋಗದೆ ಕಾಲುವೆಯ ಏರಿಯ ಮೇಲೆ ಸೈಕಲ್ಲು ತುಳಿದು ಕ್ರೈನ್‌ನ ಗಾಜಿನ ಮನೆಗೆ ಹೋದಳು. ಒಳಗೆ ಹೋಗುವ ಹಾಗಿರಲಿಲ್ಲ. ಕ್ರೈನ್‌ಗೆ ಅರವತ್ತೆಂಟು ವರ್ಷ, ಎದೆ ಮೊದಲೇ ಸರಿಯಿಲ್ಲ. ತೆರೆದ ಬಾಗಿಲಿನಾಚೆ ನಿಂತು ನೋಡಿದಳು. ಅಣ್ಣ ಬಿಳಿ ಸೇವಂತಿಗೆಯನ್ನು ಸಾಲುಸಾಲಾಗಿ ಕೊಯ್ಯುತ್ತಿದ್ದ. ಕೊಯ್ದು, ಎಂದಿನಂತೆ ಒಂದೇ ಅಳತೆಗೆ ಕಾಂಡ ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ, ಕಟ್ಟು ಕಟ್ಟಿ, ಆಮೇಲೆ ಆ ಕಟ್ಟನ್ನು ಹೊರಗಿನ ಗುಂಡಿಗೆ ಎಸೆಯುತ್ತಿದ್ದ.

ಎಸೆಯುವುದಕ್ಕೆ ಕಟ್ಟು ಯಾಕೆ ಕಟ್ಟುತ್ತೀಯ ಎಂದು ಅವಳು ಕೇಳಿದಳು.

"ಕೈಗೆ ಬೇರೆ ಥರ ಬರಲ್ಲ ಕಣೇ," ಎಂದ ಕ್ರೈನ್. ಕೊಯ್ಯದೆ ಬಿಟ್ಟರೆ ಹಿಂದಿನ ಸಾಲು ಕೊಳೆಯುತ್ತದೆ, ಬೆಚ್ಚಗಿಡದೆ ಬಿಟ್ಟರೆ ಬೇರೇ ಸಾಯುತ್ತದೆ, ಗಿಡಕ್ಕೆ ರೋಗದ ಸುದ್ದಿ ಯಾರು ಹೇಳಬೇಕು ಎಂದು ಗೊಣಗಿಕೊಂಡ. ಆಮೇಲೆ ಒಂದು ಕಟ್ಟನ್ನು ಎತ್ತಿ, ತೋಳುದ್ದ ಮುಂದೆ ಹಿಡಿದು ಕೇಳಿದ. "ನೀನು ನೋಡಿದ್ದೀಯಲ್ಲ ಮೂವತ್ತು ವರ್ಷದಿಂದ. ನೋಡಿ ಹೇಳು. ಇದ್ರಲ್ಲಿ ಏನು ಐಬಿದೆ?"

ನೇಲ್ಚೆ ನೋಡಿದಳು. ಎಲೆ ಕಡು ಹಸಿರು. ಹೂವಿನ ಅಂಚು ಒಂದೂ ಬಾಡಿರಲಿಲ್ಲ. ಮೊದಲ ದರ್ಜೆಯ ಮಾಲು. ಐಬಿಲ್ಲ ಎಂದು ಹೇಳಬೇಕಾಗಿತ್ತು, ಆದರೆ ಮೂವತ್ತು ವರ್ಷ ಸುತ್ತಿಹೋದ ಪ್ರತಿ ಗಾಡಿಗೂ ಐಬಿನ ಹೆಸರು ಕೊಟ್ಟ ಬಾಯಿಗೆ ಆ ಮಾತು ಸಲೀಸಾಗಿ ಬರಲಿಲ್ಲ. ಅವಳ ದನಿ ನಡುಗಿದ್ದು ಆಗಲೇ. "ಏನೂ ಇಲ್ಲ, ಕ್ರೈನ್" ಎಂದಳು. ಅವನು ಸಮಾಧಾನವಾದವನಂತೆ ತಲೆದೂಗಿ, ಆ ಕಟ್ಟನ್ನೂ ಗುಂಡಿಗೆ ಎಸೆದ.

ಮರಳುವ ದಾರಿಯಲ್ಲಿ ಅವಳು ಬಹಳ ಯೋಚಿಸಿದಳು. ಕನ್ನಡಿಯಲ್ಲಿ ಮುಖವೇ ಕಾಣದಿದ್ದರೆ ಮುಖವಿಲ್ಲವೆಂದು ಅರ್ಥವಲ್ಲ, ಕೋಣೆಯಲ್ಲಿ ಬೆಳಕಿಲ್ಲವೆಂದು ಅರ್ಥ. ಕತ್ತಲಲ್ಲಿ ಕನ್ನಡಿ ಹಿಡಿದು ಯಾರು ಚೆಂದ ಯಾರು ಕುರೂಪಿ ಎಂದು ತೀರ್ಪು ಕೊಟ್ಟರೆ ತಪ್ಪು ಕನ್ನಡಿಯದಲ್ಲ, ಹಿಡಿದವರದು. ಬೆಳಕು ಬರುವತನಕ ಮುಖಗಳನ್ನು ಉಳಿಸಿಕೊಳ್ಳಬೇಕು, ಅಷ್ಟೇ ಕೆಲಸ. ಇಷ್ಟು ಹೊಳೆದ ಮೇಲೆ ಅವಳಿಗೆ ಎವರ್ಟ್‌ನ ಸೂಚನೆಯೂ ಸಾಲದೆನ್ನಿಸಿತು. ಹತ್ತರಲ್ಲಿ ಮೂರು ಎಂದರೆ ಟೈಸ್‌ಗೆ ಆಗಲೂ ಲಾರಿ ತುಂಬುತ್ತದೆ. ಕ್ರೈನ್‌ಗೆ ಒಂದು ಗಾಡಿಯೂ ತುಂಬುವುದಿಲ್ಲ. ಅರ್ಧ ಗಾಡಿಗೂ ತುಂಬಿದ ಗಾಡಿಗೂ ಸಾಗಣೆ ಖರ್ಚು ಒಂದೇ. ಸಮವಾಗಿ ಹಂಚಿದ ಭಾರ ಸಣ್ಣವನ ಬೆನ್ನು ಮುರಿಯುತ್ತದೆ.

ಮರುದಿನ ಅದೇ ಕೊಟ್ಟಿಗೆಯಲ್ಲಿ ಮತ್ತೆ ಸಭೆ. ನೇಲ್ಚೆ ಮೊದಲಿಗೇ ಎದ್ದು, ನಿನ್ನೆ ತಾನು ಆಡಿದ್ದು ತಪ್ಪು, ಎವರ್ಟ್ ಹೇಳಿದ್ದೇ ಸರಿ ಎಂದಳು. ಅದನ್ನು ಬೆಳ್ಳುಳ್ಳಿ ತಿಂದವರ ಹಾಗೆ ಬಾಯಿ ಮುಚ್ಚಿಕೊಂಡು ಹೇಳಲಿಲ್ಲ, ಹರಾಜು ಕೂಗುವ ದನಿಯಲ್ಲೇ ಹೇಳಿದಳು. ಅದರ ಜೊತೆಗೆ ಇನ್ನೊಂದು ಮಾತು ಸೇರಿಸಿದಳು. ಪ್ರತಿಯೊಬ್ಬರ ಮೊದಲ ಗಾಡಿಗೆ ಯಾವ ಮಿತಿಯೂ ಬೇಡ, ಮಿತಿ ಎರಡನೆಯ ಗಾಡಿಯಿಂದ ಶುರುವಾಗಲಿ.

ಟೈಸ್ ಮುಖ ಕೆಂಪು ಮಾಡಿಕೊಂಡ. "ಅಂದ್ರೆ ನನ್ನ ಗುಲಾಬಿ ಹೂತು ನಿಮ್ಮಣ್ಣನ ಸೇವಂತಿಗೆ ಮಾರ್ಬೇಕು. ಅದನ್ನ ನೆಟ್ಟಗೆ ಹೇಳು ಮಾರಾಯ್ತಿ."

"ನೆಟ್ಟಗೇ ಹೇಳ್ತೀನಿ. ಹೌದು. ನಮ್ಮಣ್ಣಂದೂ ಸೇರಿ ಎಲ್ಲಾ ಸಣ್ಣವರದ್ದೂ."

"ಮೂವತ್ತು ವರ್ಷ ನಮಗೆ ಬೇರೆ ಪಾಠ ಹೇಳ್ದೆ."

"ಹೇಳ್ದೆ. ಅದೇ ಪಾಠದ ಇನ್ನೊಂದು ಪುಟ ಕೇಳು, ಟೈಸ್. ಈ ಬೇಸಿಗೇಲಿ ಸಣ್ಣವರೆಲ್ಲ ಹೋದ್ರು ಅನ್ನು. ಚಳಿಗಾಲಕ್ಕೆ ಉಳಿಯೋದು ನೀನು, ನಿನ್ನಂಥವರು ಇನ್ನಿಬ್ಬರು. ಮೂರು ಜನಕ್ಕೆ ಗಡಿಯಾರ ಯಾಕೆ? ಗೆರ್ಬೆನ್ ಇಲ್ಲಿಗೆ ಯಾಕೆ ಬರ್ತಾನೆ? ನೆಟ್ಟಗೆ ನಿನ್ನ ಬಾಗಿಲಿಗೆ ಬಂದು, ಕಾಫಿ ಕುಡಿದು, ಬೆಲೆ ಅವನೇ ಹೇಳ್ತಾನೆ. ಆಗ ನೀನು ಯಾರನ್ನ ಕೇಳ್ತೀಯ?"

ಯಾರೋ ಹಿಂದಿನಿಂದ, ಗೆರ್ಬೆನ್ ಕಾಫಿಯ ಜೊತೆ ಬಿಸ್ಕತ್ತೂ ಕೇಳುತ್ತಾನೆ ಎಂದರು. ಆ ವಾರದಲ್ಲಿ ಮೊದಲ ಬಾರಿಗೆ ಜನ ನಕ್ಕರು. ಟೈಸ್ ನಗಲಿಲ್ಲ. ಆದರೆ ಕೈ ಎತ್ತುವ ಹೊತ್ತಿಗೆ ಅವನ ಕೈಯೂ ಮೇಲೆದ್ದಿತು, ಎಲ್ಲರಿಗಿಂತ ಕೊನೆಗೆ.

ಮುಂದಿನ ವಾರಗಳಲ್ಲಿ ನೇಲ್ಚೆ ಮಾಡಿದ ಕೆಲಸಕ್ಕೆ ಸಂಘದಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಬೆಳಿಗ್ಗೆ ಹರಾಜು ಬೇಗ ಮುಗಿಯುತ್ತಿತ್ತು. ಆಮೇಲೆ ಆಕೆ ಖಾಲಿ ಕಟ್ಟೆಯಲ್ಲೇ ಕೂತು ಬೆಳೆಗಾರರಿಗೆ ಒಬ್ಬೊಬ್ಬರಿಗಾಗಿ ಫೋನು ಮಾಡುತ್ತಿದ್ದಳು. ನಾಳೆ ಯಾರು ಎಷ್ಟು ತರುತ್ತೀರಿ, ಯಾರದು ಇನ್ನೆರಡು ದಿನ ತಡೆಯುತ್ತದೆ, ಯಾರು ಹೊಸ ಗಿಡ ನೆಡದೆ ಇರಬಲ್ಲಿರಿ ಎಂದು ವಿಚಾರಿಸುವುದು ನೆಪ. ಯಾರ ದನಿ ಹೇಗಿದೆ ಎಂದು ಕೇಳಿಸಿಕೊಳ್ಳುವುದು ಉದ್ದೇಶ. ಈಚೆಗಷ್ಟೇ ಸಂಸಾರ ಹೂಡಿ ಸಾಲದಲ್ಲಿ ಗಾಜಿನ ಮನೆ ಕಟ್ಟಿದ್ದ ಗಂಡ ಹೆಂಡತಿಯೊಂದಿಗೆ ದಿನಾ ಮಾತಾಡುತ್ತಿದ್ದಳು. ಸುತ್ತಿಹೋದದ್ದನ್ನು ಅರೆಯಲೇಬೇಕೆಂಬ ಹಳೆಯ ಕಟ್ಟಳೆಯನ್ನೂ ಆಕೆಯೇ ಹಟ ಹಿಡಿದು ಸಡಿಲಿಸಿದಳು. ಕೊಳ್ಳುವವರೇ ಇಲ್ಲದಿರುವಾಗ ಬಿಟ್ಟಿ ಕೊಟ್ಟರೆ ಯಾರ ವ್ಯಾಪಾರ ಕೆಡುತ್ತದೆ? ಗೆರ್ಬೆನ್‌ನ ಲಾರಿಗಳು ಸುಮ್ಮನೆ ನಿಂತಿದ್ದವು. ಅವೇ ಲಾರಿಗಳಲ್ಲಿ ಹೂವು ವೃದ್ಧಾಶ್ರಮಗಳಿಗೂ ಆಸ್ಪತ್ರೆಗಳಿಗೂ ಹೋಯಿತು. ಒಳಗೆ ಹೋಗಲಾಗದ ಮಕ್ಕಳು ಕಿಟಕಿಯಾಚೆ ನಿಂತು, ಅಮ್ಮನ ಮೇಜಿನ ಮೇಲೆ ಸೇವಂತಿಗೆ ಇದ್ದುದನ್ನು ನೋಡಿ ಬಂದದ್ದಾಗಿ ಹೇಳಿದರು.

ಸರ್ಕಾರ ಗಡಿಯಾರದಿಂದ ದೂರವಿರಲಿ ಎಂದು ಜೀವಮಾನವಿಡೀ ಹೇಳಿದವಳು ಈಗ ಎವರ್ಟ್‌ನ ಜೊತೆ ಕೂತು ಹೇಗ್‌ನ ಅಧಿಕಾರಿಗಳಿಗೆ ಪರದೆಯ ಮೂಲಕ ಹೂವಿನ ಸಂಗತಿ ವಿವರಿಸಿದಳು. ಒಬ್ಬ ಅಧಿಕಾರಿಗೆ ಸಂದೇಹವಿತ್ತು. ಸೋಲುವ ತೋಟಗಳಿಗೆ ನೆರವು ಕೊಟ್ಟರೆ ಸೋಲನ್ನೇ ಸಾಕಿದಂತಾಗುವುದಿಲ್ಲವೇ ಎಂದು ಅವನು ವಿನಯದಿಂದಲೇ ಕೇಳಿದ. ಹೋದ ತಿಂಗಳು ತಾನೂ ಇದೇ ಪ್ರಶ್ನೆ ಕೇಳುತ್ತಿದ್ದೆ ಎಂದು ನೇಲ್ಚೆ ಒಪ್ಪಿಕೊಂಡಳು. ಓಡುವಾಗ ಹಿಂದೆ ಬಿದ್ದವನು ಸೋತವನು, ಓಟವನ್ನೇ ನಿಲ್ಲಿಸಿದಾಗ ನಿಂತವನನ್ನು ಹಾಗೆನ್ನುವುದು ಹೇಗೆ ಎಂದು ತಿರುಗಿ ಕೇಳಿದಳು. ನೆರವು ಬಂತು, ತಡವಾಗಿ, ಬೇಕಾದ್ದಕ್ಕಿಂತ ಕಡಿಮೆಯಾಗಿ. ಆದರೂ ಬಂತು.

ಮೇ ತಿಂಗಳ ಹೊತ್ತಿಗೆ ಯಾರೂ ಎಣಿಸದ್ದು ನಡೆಯಿತು. ಮನೆಯೊಳಗೇ ಕೂತು ಬೇಸತ್ತ ಜನ ಹೂವು ಕೊಳ್ಳತೊಡಗಿದರು. ತಾಯಂದಿರ ದಿನದ ಹಿಂದಿನ ವಾರ ಮುಳ್ಳು ಅರ್ಧ ದಾರಿಗೂ ಇಳಿಯಲಿಲ್ಲ. ಮೇಲಿನ ಬೆಲೆಗೇ ಗುಂಡಿ ಒತ್ತುವವರು ಸಿಕ್ಕರು. ಆ ಹೊತ್ತಿಗೆ ಗಿಡ ಕಿತ್ತುಹಾಕದೆ, ಬೇರು ಬೆಚ್ಚಗಿಟ್ಟುಕೊಂಡಿದ್ದವರ ಬಳಿ ಮಾತ್ರ ಹೂವಿತ್ತು. ಅಂಥವರು ದ ಲಿಯರ್ ಕಟ್ಟೆಯಲ್ಲಿ ಹೆಚ್ಚು ಕಡಿಮೆ ಎಲ್ಲರೂ ಇದ್ದರು. ಎಲ್ಲರೂ ಎನ್ನುವಂತಿಲ್ಲ. ನೇಲ್ಚೆ ದಿನಾ ಫೋನು ಮಾಡುತ್ತಿದ್ದ ಆ ಗಂಡ ಹೆಂಡತಿ ಏಪ್ರಿಲಿನಲ್ಲೇ ಗಾಜಿನ ಮನೆಯ ಬೀಗದ ಕೈಯನ್ನು ಬ್ಯಾಂಕಿಗೆ ಕೊಟ್ಟು ಅತ್ತೆಯ ಊರಿಗೆ ಹೊರಟುಹೋದರು. ಅವರ ನಂಬರನ್ನು ಆಕೆ ಈಗಲೂ ಫೋನಿನಿಂದ ಅಳಿಸಿಲ್ಲ. ಇನ್ನೊಬ್ಬ ಹಳೆಯ ಟ್ಯೂಲಿಪ್ ಬೆಳೆಗಾರ ರೋಗಕ್ಕೇ ಹೋದ. ಅವನನ್ನು ಮಣ್ಣು ಮಾಡುವಾಗ ದಾರಿಯುದ್ದಕ್ಕೂ ಬೆಳೆಗಾರರು ತಂತಮ್ಮ ಗಾಜಿನ ಮನೆಯ ಮುಂದೆ ಒಂದೊಂದು ಕುಂಡ ಇಟ್ಟು ನಿಂತಿದ್ದರು.

ಬೇಸಿಗೆಯಲ್ಲಿ ಮಿತಿ ತೆಗೆದರು. ಶರತ್ಕಾಲದ ಮಹಾಸಭೆಯಲ್ಲಿ ಎವರ್ಟ್ ಹೊಸದೊಂದು ಸೂಚನೆ ತಂದ. ನೇಲ್ಚೆಯ ಮೊದಲ ಗಾಡಿಯ ನಿಯಮ ಎಷ್ಟು ಚೆನ್ನಾಗಿ ಕೈಹಿಡಿಯಿತೆಂದರೆ ಅದನ್ನು ಸಂಘದ ಕಟ್ಟಳೆಯಲ್ಲಿ ಕಾಯಮ್ಮಾಗಿ ಸೇರಿಸಬೇಕು. ಬೆಲೆ ಕುಸಿದಾಗಲೆಲ್ಲ ಅದು ತಾನಾಗಿ ಜಾರಿಗೆ ಬರಬೇಕು. ಚಪ್ಪಾಳೆ ಬಿತ್ತು. ಎಲ್ಲರೂ ನೇಲ್ಚೆಯ ಕಡೆ ತಿರುಗಿದರು. ಆಕೆ ಎದ್ದು, ತಾನು ಇದಕ್ಕೆ ವಿರುದ್ಧ ಎಂದಳು.

ಕ್ರೈನ್‌ಗೆ ನಂಬಲಾಗಲಿಲ್ಲ. "ನಿನ್ನ ಮಗುನ ನೀನೇ ಬೇಡ ಅಂತೀಯಲ್ಲೇ?"

"ಮದ್ದು ಕಣೋ ಅದು, ಊಟ ಅಲ್ಲ. ದೀಪ ಆರಿದಾಗ ಕೈ ಹಿಡಿದು ನಡೆಸಿದ್ದು ಸರಿ. ದೀಪ ಹತ್ತಿದ ಮೇಲೂ ಕೈ ಹಿಡ್ಕೊಂಡೇ ಇದ್ರೆ ನಡೆಯೋದು ಮರೆತುಹೋಗುತ್ತೆ. ಬೆಲೆ ಬಿದ್ದಾಗಲೆಲ್ಲ ಅಲ್ಲ, ಅಂಗಡಿಗೆ ಬೀಗ ಬಿದ್ದಾಗ ಮಾತ್ರ. ಆಗ ಕೂತು ಮಾತಾಡೋಣ, ಕೊಟ್ಟಿಗೇಲಿ ಮಾತಾಡಿದ ಹಾಗೆ."

ಅಂಥ ಹೊತ್ತಿನಲ್ಲಿ ಮಾತಾಡಲು ಪುರಸೊತ್ತು ಇರುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ ಎಂದು ಎವರ್ಟ್ ಕೇಳಿದ. ಇಬ್ಬರೂ ಬಹಳ ಹೊತ್ತು ವಾದಿಸಿದರು, ಹಳೆಯ ಸ್ನೇಹಿತರು ಚದುರಂಗ ಆಡುವ ಹಾಗೆ. ಕೊನೆಗೆ ಕೈ ಎತ್ತಿಸಿದರು. ನೇಲ್ಚೆ ಸೋತಳು. ಅವಳ ಕಡೆ ಬೆರಳೆಣಿಕೆಯ ಜನ. ಟೈಸ್ ತನ್ನ ಜೊತೆಗಿರುತ್ತಾನೆ ಎಂದುಕೊಂಡಿದ್ದಳು; ಅವನು ನಿಯಮ ಬೇಕೆಂದು ಕೈ ಎತ್ತಿದ್ದ.

ಸಭೆ ಮುಗಿದ ಮೇಲೆ ಕಾಫಿಯ ಮೇಜಿನ ಬಳಿ ಅವನನ್ನು ಹಿಡಿದಳು. "ನೀನೂನಾ?"

ಟೈಸ್ ಅವಳ ಬಟ್ಟಲಿಗೂ ಕಾಫಿ ಬಗ್ಗಿಸಿದ. "ಮುಂದಿನ ಸಲ ಸಣ್ಣವನು ನಾನೇ ಆಗಿರಬಹುದು ಕಣಮ್ಮ," ಎಂದ.

ಅದು ಸುಳ್ಳಲ್ಲ ಎಂದು ಅವಳು ಒಪ್ಪಿದಳು. ಆಮೇಲೆ ಕಾಫಿ ಕುಡಿದು, ಮಾರನೆಯ ದಿನ ಲಿಲ್ಲಿ ಹೂವಿನ ಮಾಲು ಹೆಚ್ಚು ಬರುತ್ತದೆಯೇ ಎಂದು ವಿಚಾರಿಸಿ, ಕೋಟಿನ ಗುಂಡಿ ಹಾಕಿಕೊಂಡು ಹೊರಟಳು. ಇನ್ನೆರಡು ವರ್ಷ ಆ ಕುರ್ಚಿಯಲ್ಲಿ ಕೂತು, ತಾನು ವಿರೋಧಿಸಿದ ಆ ನಿಯಮವನ್ನು ಒಂದು ಕೂದಲಿನಷ್ಟೂ ಸಡಿಲಿಸದೆ ನಡೆಸಿದಳು.